ದೂರಕ್ಕೆ ಅಂಕಿ ಕಟ್ಟಿದವರು

ಡಚ್ ವಿದ್ವಾಂಸ ಗೀರ್ಟ್ ಹೋಫ್‌ಸ್ಟೆಡ್ 1980ರಲ್ಲಿ ಹೊರತಂದ ‘ಕಲ್ಚರ್ಸ್ ಕಾನ್ಸೀಕ್ವೆನ್ಸಸ್’ ಗ್ರಂಥವನ್ನು ಓದದವರೂ ಅದರ ಅಂಕಿಗಳನ್ನು ಬಳಸುತ್ತಾರೆ. ಮೇಲಿನವರು, ಕೆಳಗಿನವರು ಎಂಬ ಅಂತರವನ್ನು ಜನ ಎಷ್ಟು ಒಪ್ಪಿಕೊಂಡಿದ್ದಾರೆ ಎಂಬುದಕ್ಕೆ ಭಾರತಕ್ಕೆ 77, ಅಮೆರಿಕಕ್ಕೆ 40, ಜರ್ಮನಿಗೆ 35. ವಿದೇಶಿ ಗ್ರಾಹಕರ ಎದುರು ಕೂರುವ ಮುನ್ನ ಈ ಪಟ್ಟಿ ನೋಡಿಕೊಂಡರೆ ಸಾಕು ಎಂಬ ಧೈರ್ಯ ಹಲವರದು.

ಅಂಕಿಗಳು ಹುಟ್ಟಿದ್ದು ಐಬಿಎಂ ಎಂಬ ಒಂದೇ ಕಂಪನಿಯ ನೌಕರರು 1967ರಿಂದ 1973ರವರೆಗೆ ತುಂಬಿಕೊಟ್ಟ ಸುಮಾರು 1,16,000 ಪ್ರಶ್ನಾವಳಿಗಳಿಂದ. ಶ್ರಮ ದೊಡ್ಡದು, ಅನುಮಾನವಿಲ್ಲ. ಆದರೆ ಒಂದು ಕಂಪನಿಯ ಸಂಬಳದಾರರು ಇಡೀ ದೇಶದ ಪರವಾಗಿ ಉತ್ತರಿಸಬಲ್ಲರೇ? 2002ರಲ್ಲಿ ವಿದ್ವಾಂಸ ಬ್ರೆಂಡನ್ ಮ್ಯಾಕ್‌ಸ್ವೀನಿ ತೆಗೆದ ತಕರಾರೂ ಇದೇ. ಅಷ್ಟರಲ್ಲಾಗಲೇ, 1988ರಲ್ಲಿ, ಸಂಶೋಧಕರಾದ ಕೋಗಟ್ ಮತ್ತು ಸಿಂಗ್ ಆ ಅಂಕಿಗಳನ್ನು ಕಲಸಿ ಎರಡು ದೇಶಗಳ ನಡುವಿನ ಸಾಂಸ್ಕೃತಿಕ ದೂರಕ್ಕೆ ಒಂದೇ ಸಂಖ್ಯೆ ಕೊಟ್ಟಿದ್ದರು. ಆ ಸೂತ್ರದಲ್ಲಿ ಹೋಗುವ ದೂರವೂ ಬರುವ ದೂರವೂ ಒಂದೇ. ಜಪಾನಿನಿಂದ ಬಿಡದಿಯ ಟೊಯೊಟಾ ಕಾರ್ಖಾನೆಗೆ ಬರುವ ಮ್ಯಾನೇಜರಿಗೂ, ಬಿಡದಿಯಿಂದ ಜಪಾನಿಗೆ ತರಬೇತಿಗೆ ಹೋಗುವ ಹುಡುಗನಿಗೂ ಒಂದೇ ಲೆಕ್ಕ! ಹೇಳುವವರು ಯಾರು, ಕೇಳುವವರು ಯಾರು ಎಂಬುದು ಅದರೊಳಗೆ ಇಲ್ಲವೇ ಇಲ್ಲ.

ಈ ಕೊರತೆಯನ್ನು ಬಯಲು ಮಾಡಿದ್ದು ಜರ್ಮನಿಯ ಡೈಮ್ಲರ್ ಮತ್ತು ಅಮೆರಿಕದ ಕ್ರೈಸ್ಲರ್ ಎಂಬ ಕಾರು ಕಂಪನಿಗಳ ಪ್ರಕರಣ. ಪಟ್ಟಿಯ ಪ್ರಕಾರ ಜರ್ಮನಿ, ಅಮೆರಿಕ ತೀರಾ ದೂರದವಲ್ಲ. 1998ರಲ್ಲಿ ಸುಮಾರು 3,600 ಕೋಟಿ ಡಾಲರ್ ಮೌಲ್ಯದ ವಿಲೀನವನ್ನು ‘ಸಮಾನರ ಕೂಡಿಕೆ’ ಎಂದೇ ಸಾರಿದರು, ಅಧ್ಯಕ್ಷರೂ ಇಬ್ಬರು. ಆದರೆ ನೋಂದಣಿ ಜರ್ಮನ್ ಕಾನೂನಿನಡಿ ಆಯಿತು. ಕ್ರೈಸ್ಲರ್‌ನ ಬಾಬ್ ಈಟನ್ ಅವರ ಗಳಿಕೆ ಡೈಮ್ಲರ್‌ನ ಯುರ್ಗೆನ್ ಶ್ರೆಂಪ್ ಅವರದಕ್ಕಿಂತ ಹಲವು ಪಟ್ಟು ಹೆಚ್ಚಿತ್ತು. ಅಧಿಕಾರದ ತೂಕ ಮಾತ್ರ ಡೈಮ್ಲರ್‌ನ ನೆಲೆಯಾದ ಸ್ಟುಟ್‌ಗಾರ್ಟ್ ಕಡೆಗೇ ವಾಲಿತು. ಈಟನ್ 2000ದಲ್ಲಿ ನಿರ್ಗಮಿಸಿದರು. ಅದೇ ವರ್ಷದ ಅಕ್ಟೋಬರಿನಲ್ಲಿ ಶ್ರೆಂಪ್ ಪತ್ರಿಕೆಯೊಂದಕ್ಕೆ ಒಳಗುಟ್ಟು ಬಿಟ್ಟುಕೊಟ್ಟರು: ಕ್ರೈಸ್ಲರ್ ತಮ್ಮ ಒಂದು ವಿಭಾಗವಾಗಬೇಕೆಂಬುದೇ ಮೊದಲಿನ ಉದ್ದೇಶ, ಮುಂಚೆಯೇ ಹಾಗೆಂದಿದ್ದರೆ ಅಮೆರಿಕನ್ನರು ಒಪ್ಪುತ್ತಿರಲಿಲ್ಲ. ಎದುರಿನವರ ಮನಸ್ಸು ಅವರಿಗೆ ಚೆನ್ನಾಗಿಯೇ ಗೊತ್ತಿತ್ತು. ಗೊತ್ತಿದ್ದುದನ್ನು ಬಳಸಿದ್ದು ಮರೆಮಾಚುವುದಕ್ಕೆ. ಇದನ್ನು ಸಂಸ್ಕೃತಿಗಳ ತಿಕ್ಕಾಟ ಎಂದು ಕರೆಯುವ ಪಠ್ಯಗಳು ಶ್ರೆಂಪ್ ಅವರಿಗೆ ಸಲ್ಲದ ಉಪಕಾರ ಮಾಡುತ್ತಿವೆ. 2007ರಲ್ಲಿ ಕ್ರೈಸ್ಲರ್‌ನ ಶೇ 80.1ರಷ್ಟು ಪಾಲು 740 ಕೋಟಿ ಡಾಲರಿಗೆ ಕೈಬದಲಾಯಿತು.

ಹತ್ತಿರವೇ ಮೋಸ ಮಾಡುವುದೂ ಉಂಟು. ಅಮೆರಿಕಕ್ಕೆ ಕಾಲಿಟ್ಟ 32 ಕೆನಡಾ ಚಿಲ್ಲರೆ ಕಂಪನಿಗಳಲ್ಲಿ ನೆಲೆ ಕಂಡವು ಏಳೇ ಎಂದು ಸಂಶೋಧಕರಾದ ಓ’ಗ್ರೇಡಿ ಮತ್ತು ಲೇನ್ 1996ರಲ್ಲಿ ತೋರಿಸಿದರು. ಭಾಷೆ ಒಂದೇ, ಗಡಿ ಪಕ್ಕದಲ್ಲೇ. ಹಾಗಾಗಿ ಆ ಕಂಪನಿಯವರು ಕಲಿಯುವುದೇನೂ ಇಲ್ಲವೆಂದುಕೊಂಡರು.

ಹೋಫ್‌ಸ್ಟೆಡ್ ಗ್ರಂಥ ಒಂದು ಕಾಲದ, ಒಂದು ಕಂಪನಿಯ ದಾಖಲೆಯಾಗಿ ಓದಲು ಯೋಗ್ಯ. ಮಾತುಕತೆಯ ಮೇಜಿಗೆ ಅದರ ಪಟ್ಟಿ ಬೇಡ. ಅಲ್ಲಿ ಕೊನೆಯ ಸಹಿ ಯಾರದೆಂದು ಮೊದಲು ಕೇಳಿ.