ತಳುಕಿನ ಮೇಷ್ಟ್ರು, ಬ್ರಹ್ಮಗಿರಿಯ ಬಂಡೆ

ಮೊಳಕಾಲ್ಮೂರು ತಾಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನವಿರುವ ಬಂಡೆಯೊಂದಿದೆ. 1892ರಲ್ಲಿ ಬಿ.ಎಲ್. ರೈಸ್ ಅದನ್ನು ಬೆಳಕಿಗೆ ತಂದರು. ಹತ್ತಿರದ ಸಿದ್ಧಾಪುರದಲ್ಲೂ ಜಟಿಂಗ ರಾಮೇಶ್ವರ ಬೆಟ್ಟದಲ್ಲೂ ಅದೇ ಬರಹದ ಪ್ರತಿಗಳಿವೆ. ಸುವರ್ಣಗಿರಿಯಿಂದ ಇಸಿಲದ ಮಹಾಮಾತ್ರರಿಗೆ ಬಂದ ಆಜ್ಞೆ ಅದು. ತಂದೆತಾಯಿಯ ಮಾತು ಕೇಳಬೇಕು, ಜೀವಿಗಳಲ್ಲಿ ದಯೆ ಇರಬೇಕು, ನಿಜ ಹೇಳಬೇಕು ಎಂದ ಮೇಲೆ ಶಿಷ್ಯನಾದವನು ಆಚಾರ್ಯನನ್ನು ಗೌರವಿಸಬೇಕು ಎನ್ನುತ್ತದೆ. ಇದು ಹಿಂದಿನಿಂದ ಬಂದ ನಡವಳಿಕೆ ಎಂಬ ಮಾತೂ ಅಲ್ಲಿದೆ. ಆಜ್ಞೆಯನ್ನು ಬರೆದವನ ಹೆಸರು ಚಪಡ. 'ಲಿಪಿಕಾರ' ಎಂಬ ಅರ್ಥದ ಪದವನ್ನು ಮಾತ್ರ ಅವನು ಬ್ರಾಹ್ಮಿಯಲ್ಲಿ ಬರೆಯದೆ ದೂರದ ವಾಯವ್ಯದ ಖರೋಷ್ಠಿಯಲ್ಲಿ ಬರೆದಿದ್ದಾನೆ. ತನಗೆ ಇನ್ನೊಂದು ಲಿಪಿಯೂ ಬರುತ್ತದೆ ಎಂದು ತೋರಿಸುವ ಆಸೆಯಿದ್ದಿರಬೇಕು. ಓದಿದವರ ಈ ಚಟ ಬಹಳ ಹಳೆಯದು.

ಈ ಶಾಸನವನ್ನು ಓದುವಾಗಲೆಲ್ಲ ನನಗೆ ಕಾಡುವುದು ಅಲ್ಲಿ ಇಲ್ಲದ ಮಾತು. ಶಿಷ್ಯ ಏನು ಮಾಡಬೇಕೆಂದು ಬ್ರಹ್ಮಗಿರಿಯ ಬಂಡೆ ಹೇಳುತ್ತದೆ. ಆಚಾರ್ಯ ಶಿಷ್ಯನಿಗೆ ಏನು ಮಾಡಬೇಕೆಂದು ಹೇಳುವುದಿಲ್ಲ. ನಮ್ಮ ಶಿಕ್ಷಕರ ದಿನಾಚರಣೆಯ ಭಾಷಣಗಳೆಲ್ಲ ಈ ಅರ್ಧ ವಾಕ್ಯದ ಮೇಲೆಯೇ ನಿಂತಿವೆ. ಉಳಿದರ್ಧ ಎಲ್ಲಿದೆ ಎಂದು ಹುಡುಕಿದರೆ ಪಕ್ಕದ ಚಳ್ಳಕೆರೆ ತಾಲೂಕಿನ ತಳುಕಿನವರೊಬ್ಬರು ಸಿಗುತ್ತಾರೆ. ಅವರು ಟಿ.ಎಸ್. ವೆಂಕಣ್ಣಯ್ಯ, ಮೈಸೂರು ವಿಶ್ವವಿದ್ಯಾನಿಲಯದ ಮೊದಲ ಕನ್ನಡ ಪ್ರಾಧ್ಯಾಪಕರು.

1885ರಲ್ಲಿ ಹುಟ್ಟಿ 1939ರಲ್ಲಿ ತೀರಿಕೊಂಡ ವೆಂಕಣ್ಣಯ್ಯನವರನ್ನು ಇಂದಿನ ವಿದ್ಯಾರ್ಥಿಗಳು ಬಲ್ಲುದು ಎರಡು ಕಾರಣಗಳಿಗೆ. ಒಂದು, ಅವರು ತ.ರಾ.ಸು. ಅವರ ದೊಡ್ಡಪ್ಪ. ಇನ್ನೊಂದು, ಕುವೆಂಪು 'ಶ್ರೀ ರಾಮಾಯಣ ದರ್ಶನಂ' ಅನ್ನು ಅರ್ಪಿಸಿದ್ದು ಅವರಿಗೆ. ನೆಟ್ ಪರೀಕ್ಷೆಗೆ ಓದುವವರು ಮೂರನೆಯದನ್ನೂ ಬಾಯಿಪಾಠ ಮಾಡಿರುತ್ತಾರೆ: ಎ.ಆರ್. ಕೃಷ್ಣಶಾಸ್ತ್ರಿಗಳೂ ಇವರೂ ಸೇರಿ ಕನ್ನಡದ ಅಶ್ವಿನೀ ದೇವತೆಗಳು. ಅಲ್ಲಿಗೆ ಮುಗಿಯಿತು. ಒಂದು ಅಂಕದ ಪ್ರಶ್ನೆಯಾಗಿ ಉಳಿದ ಮೇಷ್ಟ್ರು ಅವರು.

ಆ ಅರ್ಪಣೆಯನ್ನು ನಾವು ಓದುವ ಕ್ರಮದಲ್ಲೇ ತೊಡಕಿದೆ. ಅದನ್ನು ಗುರುಭಕ್ತಿಯ ಪದ್ಯವೆಂದು ಓದಿಸುತ್ತೇವೆ. ಅಷ್ಟು ದೊಡ್ಡ ಕವಿ ಗುರುವಿನ ಪಾದಕ್ಕೆ ಕಾವ್ಯವನ್ನಿಟ್ಟ, ನೀವೂ ಹಾಗಿರಿ ಎಂದು ಹುಡುಗರಿಗೆ ಹೇಳಿ ಕೂರುತ್ತೇವೆ. ಬ್ರಹ್ಮಗಿರಿಯ ಅರ್ಧ ವಾಕ್ಯವೇ ಮತ್ತೆ ಬಂತು. ಆದರೆ ಪದ್ಯದ ಧಾಟಿಯನ್ನು ಗಮನಿಸಿ. ದೇವರ ಮುಂದೆ ನಿಂತ ಭಕ್ತನ ಧಾಟಿಗಿಂತ ಒಪ್ಪಿಕೊಂಡ ಕೆಲಸವನ್ನು ಪೂರೈಸಿ ಒಪ್ಪಿಸಲು ಬಂದ ವಿದ್ಯಾರ್ಥಿಯ ಧಾಟಿಯೇ ಅಲ್ಲಿ ಎದ್ದು ಕಾಣುತ್ತದೆ. ಕೃತಿ ಶುರುವಾದದ್ದು 1936ರಲ್ಲಿ, ಮುಗಿದದ್ದು 1946ರಲ್ಲಿ. ನಡುವೆ ಮೇಷ್ಟ್ರು ಹೋಗಿಬಿಟ್ಟಿದ್ದರು. ಓದುವವರಿಲ್ಲ ಎಂದು ಗೊತ್ತಿದ್ದೂ ಒಬ್ಬ ವಿದ್ಯಾರ್ಥಿ ಏಳು ವರ್ಷ ಬರೆದು ಒಪ್ಪಿಸುತ್ತಾನೆಂದರೆ, ಆ ಮೇಷ್ಟ್ರು ಹಿಂದೆ ಹೇಗೆ ಕೇಳಿಸಿಕೊಂಡಿರಬೇಕು? ವಿಮರ್ಶೆ ಕೇಳಬೇಕಾದ ಪ್ರಶ್ನೆ ಇದು. ಪದ್ಯ ಶಿಷ್ಯನ ಬಗ್ಗೆ ಹೇಳುವುದಕ್ಕಿಂತ ಹೆಚ್ಚನ್ನು ಅಧ್ಯಾಪಕನ ಬಗ್ಗೆ ಹೇಳುತ್ತದೆ.

ಕುವೆಂಪು ಕನ್ನಡಕ್ಕೆ ಬಂದ ಕತೆಯಲ್ಲಿ ಜೇಮ್ಸ್ ಕಸಿನ್ಸ್ ಭೇಟಿಯ ಪ್ರಸಂಗ ಎಲ್ಲರಿಗೂ ಪ್ರಿಯ. ಇಂಗ್ಲಿಷಿನಲ್ಲಿ ಬರೆಯುತ್ತಿದ್ದ ಹುಡುಗನಿಗೆ ನಿನ್ನ ಭಾಷೆಯಲ್ಲಿ ಬರೆ ಎಂದು ಆ ಐರಿಷ್ ಕವಿ ಹೇಳಿದರು, ಹುಡುಗ ತಿರುಗಿಬಿದ್ದ. ಒಂದೇ ಭೇಟಿ, ಒಂದೇ ತಿರುವು. ನಾಟಕಕ್ಕೆ ಹೇಳಿಮಾಡಿಸಿದ ಹಾಗಿದೆ. ವೆಂಕಣ್ಣಯ್ಯನವರ ಪಾತ್ರದಲ್ಲಿ ಇಂಥ ನಾಟಕವಿಲ್ಲ. ತತ್ತ್ವಶಾಸ್ತ್ರದಲ್ಲಿ ಬಿ.ಎ. ಮುಗಿಸಿದ ಪುಟ್ಟಪ್ಪ 1927ರಲ್ಲಿ ಆಗತಾನೆ ತೆರೆದಿದ್ದ ಕನ್ನಡ ಎಂ.ಎ.ಗೆ ಬಂದದ್ದರ ಹಿಂದೆ ಅವರ ಒತ್ತಾಸೆಯಿತ್ತು. ಆಮೇಲಿನದು ದಿನದಿನದ ಕೆಲಸ: ಪಾಠ, ಕವಿತೆ ಕೇಳುವುದು, ಮಾತು, ಮತ್ತೆ ಪಾಠ. ಕಸಿನ್ಸ್ ಸಲಹೆ ಕೊಟ್ಟರು, ವೆಂಕಣ್ಣಯ್ಯ ಹೊತ್ತು ಕೊಟ್ಟರು. ಸಲಹೆ ಕೊಡುವವರಿಗೆ ನಮ್ಮಲ್ಲಿ ಇಂದಿಗೂ ಬರವಿಲ್ಲ.

ಆ ಎಂ.ಎ. ತರಗತಿಯ ಪರಿಸ್ಥಿತಿಯನ್ನು ನೆನೆಯಬೇಕು. ಕನ್ನಡ ಎಂ.ಎ. ಅಂದರೆ ಹೇಗಿರಬೇಕು ಎಂಬುದಕ್ಕೆ ಮುಂದೆ ಮಾದರಿಯಿರಲಿಲ್ಲ. ಹಳೆಯ ಕಾವ್ಯಗಳಲ್ಲಿ ಎಷ್ಟೋ ವಿದ್ಯಾರ್ಥಿಯ ಕೈಗೆ ಸಿಗುವ ರೂಪದಲ್ಲಿರಲಿಲ್ಲ. ಪಾಠ ಮಾಡಬೇಕಾದರೆ ಮೊದಲು ಪುಸ್ತಕವನ್ನೇ ಮಾಡಬೇಕು. ವೆಂಕಣ್ಣಯ್ಯ ಮಾಡಿದ್ದೂ ಅದನ್ನೇ. ಹರಿಹರನ 'ಬಸವರಾಜದೇವರ ರಗಳೆ'ಯನ್ನು ಸಂಪಾದಿಸಿದರು. ಕೃಷ್ಣಶಾಸ್ತ್ರಿಗಳ ಜೊತೆ ಕೂತು ರಾಘವಾಂಕನ 'ಹರಿಶ್ಚಂದ್ರಕಾವ್ಯ'ವನ್ನು ಸಂಗ್ರಹಿಸಿಕೊಟ್ಟರು. ಸಂಗ್ರಹವೆಂದರೆ ಈಗಿನ ಗೈಡ್ ಅಲ್ಲ. ಗೈಡು ಕಾವ್ಯದ ಬದಲಿಗೆ ಬರುತ್ತದೆ, ಸಂಗ್ರಹ ಕಾವ್ಯವನ್ನೇ ಕೈಗೆ ಕೊಡುತ್ತದೆ. ಉದ್ದ ಕಡಿಮೆಯಾಗುತ್ತದೆ, ಆದರೆ ಷಟ್ಪದಿ ಷಟ್ಪದಿಯಾಗಿಯೇ ಇರುತ್ತದೆ, ಓದುವ ಕಷ್ಟ ಓದುಗನಿಗೇ ಉಳಿಯುತ್ತದೆ. ಯಾವುದನ್ನು ಬಿಡಬೇಕು ಎಂದು ತೀರ್ಮಾನಿಸುವುದಕ್ಕೆ ಎಲ್ಲವನ್ನೂ ಓದಿರಬೇಕು, ಮತ್ತು ಎದುರಿಗೆ ಕೂತವನು ಯಾರು ಎಂದೂ ತಿಳಿದಿರಬೇಕು. ಬೋಧನೆಯ ಸಿದ್ಧಾಂತ ಬರೆದಿಡದ ಮನುಷ್ಯನ ಬೋಧನಾ ವಿಧಾನವನ್ನು ನಾನು ಓದುವುದು ಇಂಥಲ್ಲಿ, ಅವರು ಬಿಟ್ಟದ್ದರಲ್ಲಿ, ಇಟ್ಟದ್ದರಲ್ಲಿ.

ಒಂದು ವರ್ಷ ಅತಿಥಿ ಉಪನ್ಯಾಸಕನಾಗಿ ಪದವಿ ತರಗತಿಗೆ ಇದೇ ರಾಘವಾಂಕನನ್ನು ಪಾಠ ಮಾಡಿದೆ. ನಮ್ಮ ಕಡೆಯ ಹುಡುಗರು. ಅರ್ಧಕ್ಕರ್ಧ ಮಂದಿಯ ಮನೆಮಾತು ತೆಲುಗು. ಬೀದಿಯಲ್ಲಿ ಆಡುವ ಕನ್ನಡ ಬೇರೆ, ಪುಸ್ತಕದ ಕನ್ನಡ ಬೇರೆ, ಹನ್ನೆರಡನೇ ಶತಮಾನದ ಆಸುಪಾಸಿನ ಕನ್ನಡವಂತೂ ಮೂರನೆಯ ಲೋಕ. ಮೊದಲ ದಿನವೇ ಹಿಂದಿನ ಬೆಂಚಿನಿಂದ ದನಿ ಬಂತು: "ಸಾರ್, ನೋಟ್ಸ್ ಕೊಡ್ತೀರಲ್ವಾ?" ಅದರಲ್ಲಿ ಅಹಂಕಾರವೂ ಇರಲಿಲ್ಲ, ಸೋಮಾರಿತನವೂ ಇರಲಿಲ್ಲ. ಪದ್ಯ ತನ್ನಂಥವನಿಗಲ್ಲ ಎಂದು ಶಾಲೆಯ ದಿನಗಳಲ್ಲೇ ಅವನಿಗೆ ಮನದಟ್ಟು ಮಾಡಿಸಿಯಾಗಿತ್ತು, ಅಷ್ಟೇ. ಅದೇ ಹುಡುಗನ ಊರಲ್ಲಿ ಸತ್ಯಹರಿಶ್ಚಂದ್ರ ನಾಟಕವಾದರೆ ಬೆಳಗಿನವರೆಗೆ ಕೂತು ನೋಡುತ್ತಾನೆ. ವಿಶ್ವಾಮಿತ್ರನ ಮಾತು ಬಾಯಲ್ಲಿರುತ್ತದೆ. ರಾಘವಾಂಕನ ಷಟ್ಪದಿ ಅರ್ಧಕ್ಕೂ ಹೆಚ್ಚು ಸಂಭಾಷಣೆಯೇ ತಾನೆ. ಬಿಡಿಸಿ, ಇಬ್ಬರಿಗೆ ಹಂಚಿ, ಜೋರಾಗಿ ಓದಿಸಿದರೆ ಅದು ಅವನಿಗೆ ಗೊತ್ತಿರುವ ಜಗಳ. ಓದಿಸಿದೆ. ಶಬ್ದಾರ್ಥ ಆಮೇಲೆ ಬಂತು. ಎಲ್ಲ ಪದ್ಯಗಳಿಗೂ ಹೀಗೆ ಮಾಡಲು ಪಠ್ಯಕ್ರಮದ ವೇಗ ಬಿಡುವುದಿಲ್ಲ, ನಿಜ. ಆದರೆ ನೋಟ್ಸ್ ಬರೆಸುತ್ತ ಹೋದ ಗಂಟೆಗಳಿಗೆ ಲೆಕ್ಕ ಕೇಳುವವರು ಯಾರೂ ಇಲ್ಲ ಎಂಬುದೂ ನಿಜ.

ಇನ್ನೊಂದು ವಿಷಯಕ್ಕೆ ಬರುತ್ತೇನೆ, ನನ್ನ ಮಟ್ಟಿಗೆ ಇದೇ ಮುಖ್ಯ. ವೆಂಕಣ್ಣಯ್ಯನವರ ಕಾಲದಲ್ಲಿ ಆ ವಿಭಾಗದಲ್ಲಿ ಓದಿದವರ ಹೆಸರುಗಳನ್ನು ಒಟ್ಟಿಗಿಟ್ಟು ನೋಡಿ: ಕುವೆಂಪು, ಡಿ.ಎಲ್. ನರಸಿಂಹಾಚಾರ್, ತೀ.ನಂ. ಶ್ರೀಕಂಠಯ್ಯ, ಜಿ.ಪಿ. ರಾಜರತ್ನಂ. ಒಬ್ಬರು ಮಹಾಕಾವ್ಯ ಬರೆದರು. ಒಬ್ಬರು ಗ್ರಂಥಸಂಪಾದನೆಗೆ ಜೀವ ತೇದರು. ಒಬ್ಬರು 'ಭಾರತೀಯ ಕಾವ್ಯಮೀಮಾಂಸೆ' ಕೊಟ್ಟರು. ಇನ್ನೊಬ್ಬರು ಹೆಂಡ ಕುಡಿಯುವ ರತ್ನನ ಬಾಯಿಂದ ಪದ ಹಾಡಿಸಿದರು. ಒಬ್ಬರಂತೆ ಇನ್ನೊಬ್ಬರಿಲ್ಲ, ಯಾರೂ ಮೇಷ್ಟ್ರಂತೆಯೂ ಇಲ್ಲ. ಇದಕ್ಕೆಲ್ಲ ಒಬ್ಬರೇ ಕಾರಣವೆಂದು ಹೇಳುವುದು ಅತಿಯಾಗುತ್ತದೆ, ಬಿ.ಎಂ.ಶ್ರೀ., ಕೃಷ್ಣಶಾಸ್ತ್ರಿಗಳು ಇದ್ದ ಕಾಲ ಅದು. ಆದರೂ ತನ್ನ ಅಚ್ಚಿನಲ್ಲಿ ಶಿಷ್ಯರನ್ನು ಎರಕ ಹೊಯ್ಯದ ಪ್ರಾಧ್ಯಾಪಕನೊಬ್ಬ ವಿಭಾಗದ ತಲೆಯಲ್ಲಿದ್ದ ಎಂಬುದು ಸಣ್ಣ ಸಂಗತಿಯಲ್ಲ. ಇಂದಿನ ಸಂಶೋಧನಾ ವಿಭಾಗಗಳಲ್ಲಿ ವಿದ್ಯಾರ್ಥಿಯ ಪ್ರಬಂಧದ ಮೊದಲ ಅಧ್ಯಾಯ ಓದಿದರೆ ಮಾರ್ಗದರ್ಶಕರು ಯಾರು, ಅವರ ಪಂಥ ಯಾವುದು, ಅವರು ಯಾರನ್ನು ಉಲ್ಲೇಖಿಸಲು ಬಿಡುವುದಿಲ್ಲ ಎಂದು ಹೇಳಿಬಿಡಬಹುದು.

ಮಾರ್ಗದರ್ಶಕರ ಮಾತು ಬಂದಿದ್ದರಿಂದ 'ಸಿದ್ಧರಾಮ ಚಾರಿತ್ರ'ದ ಹೆಸರು ಹೇಳಬೇಕು. ರಾಘವಾಂಕನ ಆ ಕೃತಿಗೆ ಸಂಪಾದಕರಾಗಿ ಇಬ್ಬರ ಹೆಸರಿದೆ: ಟಿ.ಎಸ್. ವೆಂಕಣ್ಣಯ್ಯ, ಡಿ.ಎಲ್. ನರಸಿಂಹಾಚಾರ್. ಮೇಷ್ಟ್ರು, ವಿದ್ಯಾರ್ಥಿ. ಪಾಠಾಂತರ ಹೋಲಿಸುವುದು ಉಪನ್ಯಾಸದಿಂದ ಕಲಿಯುವ ವಿದ್ಯೆಯಲ್ಲ. ಓಲೆಯ ಮುಂದೆ ಪಕ್ಕದಲ್ಲಿ ಕೂತು, ಈ ಅಕ್ಷರ 'ಪ'ವೋ 'ವ'ವೋ ಎಂದು ಜೊತೆಯಾಗಿ ಅನುಮಾನಿಸುತ್ತ ಕಲಿಯಬೇಕಾದದ್ದು. ಬಡಗಿಯ ಹತ್ತಿರ ಹುಡುಗ ಕಲಿಯುವ ಹಾಗೆ, ಮೊಳಕಾಲ್ಮೂರಿನ ಮಗ್ಗದ ಮುಂದೆ ರೇಷ್ಮೆ ಸೀರೆಯ ಅಂಚು ಕೂಡಿಸುವುದನ್ನು ಮಕ್ಕಳು ಕಲಿಯುವ ಹಾಗೆ. ವಿದ್ಯಾರ್ಥಿಯ ಲೇಖನಕ್ಕೆ ತಾವು ಓದದೆಯೇ ತಮ್ಮ ಹೆಸರು ಸೇರಿಸಿಕೊಳ್ಳುವ ರೂಢಿ ಈಗ ಎಷ್ಟು ಸಹಜವಾಗಿದೆ ಎಂದರೆ, ಎರಡು ಹೆಸರಿನ ಹಳೆಯ ಪುಸ್ತಕ ಕಂಡಾಗ ನನ್ನ ಓರಗೆಯವರು ಮೊದಲು ನಗುತ್ತಾರೆ.

ಜಾತಿಯ ಮಾತನ್ನು ಬಿಟ್ಟು ಈ ಗುರುಶಿಷ್ಯ ಸಂಬಂಧವನ್ನು ಕೊಂಡಾಡುವುದು ಅಪ್ರಾಮಾಣಿಕ. ಒಕ್ಕಲಿಗರ ಹುಡುಗ ಮಲೆನಾಡಿನಿಂದ ಬಂದವನು, ಬ್ರಾಹ್ಮಣ ಮೇಷ್ಟ್ರು ಬಯಲುಸೀಮೆಯಿಂದ ಬಂದವರು. ಹಳಗನ್ನಡ ಕಾವ್ಯದ ಪಾಂಡಿತ್ಯ ಯಾರ ಮನೆಯ ಆಸ್ತಿ ಎಂದು ಸಮಾಜ ಆಗಲೇ ತೀರ್ಮಾನಿಸಿಬಿಟ್ಟಿದ್ದ ಕಾಲ. ಪುರೋಹಿತಶಾಹಿಯನ್ನು ಕುವೆಂಪು ಎಷ್ಟು ಕಟುವಾಗಿ ಬರೆದರೆಂಬುದು ಗೊತ್ತೇ ಇದೆ. 'ಶೂದ್ರ ತಪಸ್ವಿ'ಗೆ ಮಾಸ್ತಿಯವರೇ ಆಕ್ಷೇಪ ಎತ್ತಿದ್ದರು. ಅಂಥವರು ತಮ್ಮ ಜೀವಮಾನದ ಕೃತಿಯನ್ನು ಈ ಮೇಷ್ಟ್ರಿಗೆ ಒಪ್ಪಿಸಿದ್ದನ್ನು 'ಗುರುಪರಂಪರೆ' ಎಂಬ ಪದದಲ್ಲಿ ಕಟ್ಟಿಹಾಕಲಾಗದು. ಪರಂಪರೆಯ ಗುರು ಏಕಲವ್ಯನಿಗೂ ಇದ್ದ. ವೆಂಕಣ್ಣಯ್ಯ ಮಾಡಿದ್ದು ಅದರ ತದ್ವಿರುದ್ಧ: ಕೇಳಲು ಬಂದವನನ್ನು ಕೂರಿಸಿ ತಾವೇ ಕೇಳಿದರು. ಕುಪ್ಪಳಿಯ ಕವಿಶೈಲಕ್ಕೆ ಹೋದವರು ಅಲ್ಲಿನ ಬಂಡೆಯ ಮೇಲೆ ಬಿ.ಎಂ.ಶ್ರೀ. ಮತ್ತು ಕುವೆಂಪು ಹೆಸರುಗಳ ಜೊತೆ ಕೊರೆದಿರುವ ವೆಂಕಣ್ಣಯ್ಯನವರ ಹೆಸರನ್ನೂ ನೋಡಿರುತ್ತೀರಿ. ಮೇಷ್ಟ್ರು ಶಿಷ್ಯನ ಊರಿಗೆ ಹೋಗಿ, ಶಿಷ್ಯ ಕೂತು ಬರೆಯುತ್ತಿದ್ದ ಗುಡ್ಡವನ್ನು ಹತ್ತಿದ್ದರು. ಸುವರ್ಣಗಿರಿಯಿಂದ ಆಜ್ಞೆ ಕಳಿಸಿ ಕೊರೆಸಿದ ಬಂಡೆಗೂ ಈ ಬಂಡೆಗೂ ಇರುವ ಅಂತರ ಇಷ್ಟೇ, ಮತ್ತು ಇಷ್ಟು ದೊಡ್ಡದು.

ಇಷ್ಟೆಲ್ಲ ಬರೆದ ಮೇಲೆ ಒಂದು ಅಡ್ಡಿಯನ್ನು ಹೇಳದೆ ಬಿಡಲಾರೆ. ವೆಂಕಣ್ಣಯ್ಯನವರ ಎದುರಿಗಿದ್ದದ್ದು ಕೆಲವೇ ವಿದ್ಯಾರ್ಥಿಗಳ ಎಂ.ಎ. ತರಗತಿ. ಚಳ್ಳಕೆರೆಯಲ್ಲೋ ಮೊಳಕಾಲ್ಮೂರಿನಲ್ಲೋ ಪದವಿ ತರಗತಿಗೆ ಕನ್ನಡ ಹೇಳುವವರ ಮುಂದೆ ಇಡೀ ಕೊಠಡಿ ತುಂಬಿರುತ್ತದೆ. ಬೆಳಿಗ್ಗೆಯ ಬಸ್ಸು ತಪ್ಪಿದರೆ ಮೊದಲ ಎರಡು ಪಿರಿಯಡ್ ಇಲ್ಲ, ಕಡಲೆಕಾಯಿ ಕೀಳುವ ಕಾಲದಲ್ಲಿ ಅರ್ಧ ತರಗತಿ ಹೊಲದಲ್ಲಿರುತ್ತದೆ. ಆ ಅಧ್ಯಾಪಕರಲ್ಲಿ ಬಹಳಷ್ಟು ಮಂದಿ ಅತಿಥಿಗಳು. ಅತಿಥಿ ಎಂಬ ಪದವನ್ನು ಈ ಅರ್ಥದಲ್ಲಿ ಬಳಸಿದವರ ಹಾಸ್ಯಪ್ರಜ್ಞೆಗೆ ನಮಸ್ಕಾರ. ವಾರಕ್ಕಿಷ್ಟು ಗಂಟೆ ಎಂದು ಎಣಿಸಿ ಕೆಲಸ, ರಜೆ ಬಂದರೆ ಸಂಬಳವಿಲ್ಲ, ಮುಂದಿನ ವರ್ಷ ಇದೇ ಕಾಲೇಜೋ ಬೇರೆಯೋ ಗೊತ್ತಿಲ್ಲ. ಹುಡುಗನ ಹೆಸರು ನೆನಪಾಗುವ ಹೊತ್ತಿಗೆ ಕೌನ್ಸೆಲಿಂಗ್‌ನಲ್ಲಿ ಬೇರೆ ಊರು ಸಿಕ್ಕಿರುತ್ತದೆ.

ಹೊತ್ತು ಕೊಡುವುದೇ ವೆಂಕಣ್ಣಯ್ಯನವರ ವಿಧಾನವಾಗಿದ್ದರೆ, ಹೊತ್ತನ್ನೇ ಗಂಟೆಗಿಷ್ಟೆಂದು ಕತ್ತರಿಸಿ ಕೊಟ್ಟ ಅಧ್ಯಾಪಕರು ಅದನ್ನು ಎಲ್ಲಿಂದ ತರಬೇಕು? ಕಾಯಂ ಹುದ್ದೆಯಲ್ಲಿ ಕೂತವರು ಈ ಪ್ರಶ್ನೆಯ ಹಿಂದೆ ಅವಿತುಕೊಳ್ಳುವಂತಿಲ್ಲ, ಅವರ ಬಳಿ ಹೊತ್ತಿದೆ. ಉಳಿದವರ ಪರವಾಗಿ ಸರ್ಕಾರವನ್ನು ಕೇಳಬೇಕು. ಈ ವರ್ಷವೂ ನನ್ನ ಗೆಳೆಯರಿಬ್ಬರು ಆ ಪಟ್ಟಿಗಾಗಿ ಕಾಯುತ್ತಿದ್ದಾರೆ. ಒಬ್ಬನ ಚೀಲದಲ್ಲಿ 'ಹರಿಶ್ಚಂದ್ರಕಾವ್ಯ ಸಂಗ್ರಹ'ದ ಜೆರಾಕ್ಸ್ ಪ್ರತಿಯಿದೆ, ಯಾವ ಊರು ಸಿಕ್ಕರೂ ಅದನ್ನೇ ಮೊದಲು ಓದಿಸುತ್ತೇನೆ ಎನ್ನುತ್ತಾನೆ.