ಗಡಿಯಾರವಿಲ್ಲದ ಓಟಕ್ಕೆ ಅಂಕ

ಕಾರನ್ನು ಓರೆಯಾಗಿ ಜಾರಿಸುತ್ತ ಓಡಿಸುವ ಡ್ರಿಫ್ಟಿಂಗ್ ಸ್ಪರ್ಧೆಯ ಅರ್ಹತಾ ಸುತ್ತಿನಲ್ಲಿ ಕಾರು ಒಂಟಿಯಾಗಿ ಓಡುತ್ತದೆ. ಎದುರಾಳಿ ಇಲ್ಲ, ಸ್ಟಾಪ್‌ವಾಚಿನ ಲೆಕ್ಕವಿಲ್ಲ. ಒಂದು ನಿಮಿಷವೂ ಹಿಡಿಯದ ಆ ಓಟ ನೋಡಿ ತೀರ್ಪುಗಾರರು 100ಕ್ಕೆ ಇಷ್ಟು ಎಂದು ಅಂಕ ಹಾಕುತ್ತಾರೆ. ಪ್ರೇಕ್ಷಕರು ಕಾದು ಕೂರುವುದು ಆಮೇಲಿನ ಜೋಡಿ ಕಾಳಗಕ್ಕೆ. ಎರಡು ಕಾರು ಬಾಗಿಲಿಗೆ ಬಾಗಿಲು ತಾಗುವಂತೆ ಹೊಗೆಯೊಳಗೆ ನುಗ್ಗುವ ಆ ಗದ್ದಲಕ್ಕೆ. ನನ್ನ ಮಟ್ಟಿಗೆ ಮಾತ್ರ ಈ ಒಂಟಿ ಓಟವೇ ಈ ಕ್ರೀಡೆಯ ಅಸಲಿ ಪರೀಕ್ಷೆ. ಹವ್ಯಾಸಿ ಚಾಲಕ ಎಡವುವುದೂ ಇಲ್ಲೇ. ಅದರಲ್ಲಿ ಅರ್ಧ ತಪ್ಪು ಅವನದು, ಇನ್ನರ್ಧ ಪರೀಕ್ಷೆಯದು.

ಅಮೆರಿಕದ ಫಾರ್ಮುಲಾ ಡ್ರಿಫ್ಟ್ ಸರಣಿಯನ್ನು ತೆಗೆದುಕೊಳ್ಳಿ. 2004ರಲ್ಲಿ ಶುರುವಾದ ಈ ಸರಣಿಯಲ್ಲಿ ಬಹುಕಾಲ ನಡೆದುಬಂದ ಪದ್ಧತಿಯಂತೆ ಒಬ್ಬ ತೀರ್ಪುಗಾರ ಲೈನ್ ನೋಡುತ್ತಾನೆ, ಇನ್ನೊಬ್ಬ ಆ್ಯಂಗಲ್ ಅಂದರೆ ಕಾರಿನ ಓರೆ, ಮೂರನೆಯವ ಸ್ಟೈಲ್ ಅಂದರೆ ಓಟದ ನಯ ಮತ್ತು ಧೈರ್ಯ. ಲೈನ್ ಎಂದರೆ ತೀರ್ಪುಗಾರರು ಮೊದಲೇ ಗೀಚಿಕೊಟ್ಟ ದಾರಿ. ಇಲ್ಲಿ ಕಾರಿನ ಮೂತಿ ಒಳತಿರುವಿನ ಕ್ಲಿಪ್ಪಿಂಗ್ ಪಾಯಿಂಟನ್ನು ಸವರಬೇಕು, ಅಲ್ಲಿ ಹಿಂದಿನ ಚಕ್ರ ಬಣ್ಣ ಬಳಿದ ಔಟರ್ ಝೋನನ್ನು ತುಂಬಬೇಕು. ಲಾಸ್ ಏಂಜಲಿಸ್ ಬಳಿಯ ಅರ್ವಿಂಡೇಲ್ ಸ್ಪೀಡ್‌ವೇಯಲ್ಲಿ ಈ ಬೇಡಿಕೆ ತೀರಾ ಕ್ರೂರವಾಗಿರುತ್ತಿತ್ತು. ಡ್ರಿಫ್ಟಿನ ಮನೆ ಎಂದೇ ಹೆಸರಾಗಿದ್ದ, 2024ರ ಡಿಸೆಂಬರಿನಲ್ಲಿ ಬಾಗಿಲು ಮುಚ್ಚಿದ ಆ ಅರ್ಧ ಮೈಲಿ ಓವಲ್‌ನಲ್ಲಿ ಕಾರನ್ನು ಕಾಂಕ್ರೀಟ್ ಗೋಡೆಯತ್ತ ಎಸೆದು, ಹಿಂದಿನ ಬಂಪರನ್ನು ಗೋಡೆಗೆ ಅಂಗುಲಗಳ ದೂರದಲ್ಲಿ ತೇಲಿಸಿಕೊಂಡು ಹೋಗಬೇಕಿತ್ತು. ಹೆದರಿ ಒಂದು ಮಾರು ಈಚೆ ಬಂದರೆ ಅಂಕ ಹೋಯಿತು. ಧೈರ್ಯ ಒಂದು ಗೇಣು ಹೆಚ್ಚಾದರೆ ಕಾರೇ ಹೋಯಿತು.

ನೋಡುವವರಿಗೆ ಹುಚ್ಚಾಟದಂತೆ ಕಾಣುವ ಈ ಓಟದ ಒಳಗಿರುವುದು ಪೂರ್ತಿ ವಿಧೇಯತೆ. ಕ್ಲಚ್ ಒದ್ದು ಹಿಂಚಕ್ರದ ಹಿಡಿತ ತಪ್ಪಿಸುವುದು, ಸ್ಟೀರಿಂಗನ್ನು ಕೈಯಿಂದ ಜಾರಬಿಟ್ಟು ಅದು ತಾನಾಗಿ ತಿರುಗಿ ನಿಂತಾಗ ಹಿಡಿಯುವುದು, ಹ್ಯಾಂಡ್‌ಬ್ರೇಕ್ ಎಳೆದು ಬಾಲವನ್ನು ಝೋನಿನವರೆಗೆ ಚಾಚುವುದು, ಮತ್ತೆ ಆ್ಯಕ್ಸಿಲರೇಟರ್ ತುಳಿದು ಓರೆಯನ್ನು ಕಾಯ್ದುಕೊಳ್ಳುವುದು. ಇಷ್ಟನ್ನೂ ಇನ್ನೊಬ್ಬರು ಹೇಳಿದ ಜಾಗದಲ್ಲಿ, ತಿದ್ದುಪಡಿಯ ಗುರುತು ಕಾಣದಂತೆ ಮಾಡಬೇಕು. ನಡುವೆ ಒಮ್ಮೆ ಸ್ಟೀರಿಂಗ್ ಅತ್ತಿತ್ತ ತಡಕಾಡಿದರೂ ತೀರ್ಪುಗಾರರ ಕಣ್ಣಿಗೆ ಬೀಳುತ್ತದೆ.

ಹವ್ಯಾಸಿ ಬರುವುದು ಬೇರೆಯದೇ ಪಾಠ ಕಲಿತು. ಷುಯಿಚಿ ಷಿಗೆನೊ ಅವರ ‘ಇನಿಷಿಯಲ್ ಡಿ’ 1995ರಿಂದ 2013ರವರೆಗೆ ಪ್ರಕಟವಾದ ಜಪಾನಿ ಕಾಮಿಕ್ಸ್. ಅಪ್ಪನ ಅಂಗಡಿಯ ತೋಫು ಸಾಗಿಸುವ ಹುಡುಗ ಹಳೇ ಟೊಯೊಟಾ ಎಇ86ರಲ್ಲಿ ಘಟ್ಟ ಇಳಿಯುತ್ತ ದೊಡ್ಡ ದೊಡ್ಡ ಕಾರುಗಳನ್ನು ಸೋಲಿಸುತ್ತಾನೆ. ಮುದ್ದಾದ ಕಥೆ, ಆದರೆ ಈ ಪರೀಕ್ಷೆಗೆ ಅದು ತಪ್ಪು ಪಠ್ಯ. ಅಲ್ಲಿ ಡ್ರಿಫ್ಟ್ ಗೆಲ್ಲಲಿಕ್ಕೊಂದು ಉಪಾಯ. ಇಲ್ಲಿ ಡ್ರಿಫ್ಟೇ ಗುರಿ. ಹಿಡಿತವಿರುವ ಡಾಂಬರಿನ ಮೇಲೆ ಕಾರನ್ನು ಅಡ್ಡ ಹಾಕಿದರೆ ವೇಗ ಕುಗ್ಗುತ್ತದೆ ಎಂಬುದು ಯಾವ ರೇಸಿನವನಿಗೂ ಗೊತ್ತು. ಆ ಕಥೆಗೆ ಸಲಹೆಗಾರರಾಗಿದ್ದ ಕೆಯಿಚಿ ತ್ಸುಚಿಯಾ ಅವರಿಗೂ ಗೊತ್ತಿತ್ತು. ಘಟ್ಟದ ರಸ್ತೆಗಳಲ್ಲೇ ಪಳಗಿದ ತ್ಸುಚಿಯಾ ರೇಸುಗಳಲ್ಲಿ ಕಾರನ್ನು ಓರೆ ಹಾಯಿಸಿದ್ದು ನೋಡುವವರ ಖುಷಿಗೂ ಹೌದು. 1987ರಲ್ಲಿ ‘ಪ್ಲಸ್ಪೈ’ ಎಂಬ ವಿಡಿಯೊದಲ್ಲಿ ಘಟ್ಟದ ಓಟ ತೋರಿಸಿದ್ದಕ್ಕೆ ಅವರ ರೇಸಿಂಗ್ ಪರವಾನಗಿಯೇ ಕೆಲಕಾಲ ಅಮಾನತಾಗಿತ್ತು.

ಗೆಳೆಯರ ನಡುವೆ ಓಡಿಸುವಾಗ ತೀರ್ಪುಗಾರರ ಬೇಡಿಕೆ ಯಾವುದೂ ಅಡ್ಡ ಬರುವುದಿಲ್ಲ. ಫುಕುಷಿಮಾದ ಎಬಿಸು ಸರ್ಕ್ಯೂಟಿನ ಡ್ರಿಫ್ಟ್ ಜಾತ್ರೆಯಲ್ಲಿ ಹವ್ಯಾಸಿಗಳು ಮನಸೋ ಇಚ್ಛೆ ಹೊಗೆಯೆಬ್ಬಿಸುತ್ತಾರೆ. ದಾರಿ ತಪ್ಪಿದರೂ ಚಪ್ಪಾಳೆ ಬೀಳುತ್ತದೆ. ಮುಂದಿನ ಸುತ್ತಿನಲ್ಲಿ ಬೇರೆ ದಾರಿ. ಆ ಸ್ವಾತಂತ್ರ್ಯ ಚೆಂದವೇ. ಆದರೆ ಬಾಲ ಎಲ್ಲಿ ಹೋಗುತ್ತದೋ ಅದೇ ತನ್ನ ಲೈನ್ ಅಂದುಕೊಳ್ಳುವ ಅಭ್ಯಾಸ ಅಲ್ಲಿ ಅಂಟುತ್ತದೆ. ಅದನ್ನು ಕಳಚಿಕೊಳ್ಳದವರು ಅರ್ಹತಾ ಸುತ್ತಿನಲ್ಲಿ ಬಿದ್ದರೆ ನನಗೇನೂ ಮರುಕವಿಲ್ಲ.

ನನ್ನ ತಕರಾರು ಇರುವುದು ಸ್ಟೈಲ್ ಅಂಕದ ಬಗ್ಗೆ. ಅದು ಪೂರ್ತಿ ನೋಡುವವರ ಕಣ್ಣಿಗೆ ಬಿಟ್ಟದ್ದು. ನಮ್ಮ ಕರಾವಳಿಯ ಕಂಬಳದಲ್ಲೂ ಗಡಿಯಾರ ನೋಡದ ಒಂದು ವಿಭಾಗವಿದೆ: ಕನೆಹಲಗೆ. ಕೋಣಗಳು ಎಳೆಯುವ ಹಲಗೆಯ ತೂತಿನಿಂದ ಚಿಮ್ಮುವ ನೀರು 6.5 ಅಥವಾ 7.5 ಕೋಲು ಎತ್ತರಕ್ಕೆ ಕಟ್ಟಿದ ನಿಶಾನೆಯನ್ನು ಮುಟ್ಟಬೇಕು. ಬಟ್ಟೆ ಒದ್ದೆಯಾಯಿತೋ ಇಲ್ಲವೋ, ಅಷ್ಟೇ. ಡ್ರಿಫ್ಟಿನಲ್ಲಿ ಅಂಥ ನಿಶಾನೆ ಕಟ್ಟಲು ಹೊರಟದ್ದು ಜಪಾನಿನ ಡಿ1 ಗ್ರಾನ್ ಪ್ರಿ. ತ್ಸುಚಿಯಾ ಮತ್ತು ‘ಆಪ್ಷನ್’ ಪತ್ರಿಕೆಯ ದೈಜಿರೊ ಇನಾದಾ 2000ದಲ್ಲಿ ಎಬಿಸುವಿನಲ್ಲಿ ಶುರುಮಾಡಿದ ಈ ಸ್ಪರ್ಧೆ, 2010ರ ಕೊನೆಗೆ ಅವರಿಬ್ಬರೂ ಹೊರಬಿದ್ದ ಮೇಲೆ, ಒಂಟಿ ಓಟವನ್ನು ಕಾರಿನೊಳಗಿನ ಸೆನ್ಸರುಗಳಿಂದ ಅಳೆಯತೊಡಗಿತು. ವೇಗ ಎಷ್ಟು, ಓರೆ ಎಷ್ಟು, ಕಾರು ಎಷ್ಟು ಚುರುಕಾಗಿ ಹೊರಳಿತು, ಎಲ್ಲಕ್ಕೂ ಅಂಕಿ.

ಹೊಸಬನಿಗೆ ಇದರಲ್ಲಿ ಒಂದು ನೆಮ್ಮದಿ ಇದೆ: ಯಂತ್ರಕ್ಕೆ ಹೆಸರುವಾಸಿ ಚಾಲಕನ ಮುಖಪರಿಚಯ ಇರುವುದಿಲ್ಲ. ಆದರೂ ನಾನು ಮನುಷ್ಯರ ಕಣ್ಣಿನ ಪಕ್ಷ. ಗೋಡೆಯತ್ತ ಕಾರು ಎಸೆಯುವಾಗ ಒಬ್ಬನು ತಡೆದು ಎಸೆದನೋ, ನಂಬಿ ಎಸೆದನೋ ಎಂಬುದು ಕೋನದ ಅಂಕಿಯಲ್ಲಿ ಪೂರ್ತಿ ಸಿಗುವುದಿಲ್ಲ. ಪಳಗಿದ ಕಣ್ಣಿಗೆ ಥಟ್ಟನೆ ಸಿಗುತ್ತದೆ. ಆ ಕಣ್ಣು ತನ್ನ ಕಾರಣವನ್ನು ತಿರುವು ತಿರುವಿಗೂ ಬಿಡಿಸಿ ಹೇಳಬೇಕು, ಅಷ್ಟೇ. ಇಷ್ಟು ಅಂಕ ಎಂಬ ಒಂದೇ ಮೊತ್ತ ಕೈಗಿತ್ತರೆ ಸೋತವನು ಅದರಿಂದ ಕಲಿಯುವುದಾದರೂ ಏನು?

ಇನ್ನು ದುಡ್ಡಿನ ಮಾತು. ಎಇ86ರ 1.6 ಲೀಟರ್ ಎಂಜಿನ್ನಿನ ಶಕ್ತಿ ಸುಮಾರು 130 ಅಶ್ವಶಕ್ತಿ. ಇವತ್ತು ಫಾರ್ಮುಲಾ ಡ್ರಿಫ್ಟಿನ ಮೇಲಿನ ಹಂತದ ಕಾರುಗಳು 1,000 ಅಶ್ವಶಕ್ತಿಯ ಆಸುಪಾಸಿನವು. ಹವ್ಯಾಸಿ ಮೊದಲು ಪ್ರೊ-ಆ್ಯಮ್ ಸರಣಿಗಳಲ್ಲಿ ಗೆದ್ದು ಪ್ರೊಸ್ಪೆಕ್‌ಗೆ ಪರವಾನಗಿ ಪಡೆಯಬೇಕು. 2014ರಲ್ಲಿ ಪ್ರೊ 2 ಎಂಬ ಹೆಸರಲ್ಲಿ ಆರಂಭವಾದ ಹಂತ ಅದು. ಅಲ್ಲಿಂದ ಮೇಲೆ ಪ್ರೊ. ಏಣಿ ಕಾಗದದ ಮೇಲೆ ನೇರವಾಗಿದೆ. ಆದರೆ ಪ್ರತಿ ಮೆಟ್ಟಿಲಿನಲ್ಲೂ ಕಾರನ್ನು ಹೊಸದಾಗಿ ಕಲಿಯಬೇಕು, ಮತ್ತು ಕಲಿಕೆಯ ಶುಲ್ಕವನ್ನು ಟೈರಿನಲ್ಲಿ ಕಟ್ಟಬೇಕು. ಶಕ್ತಿಶಾಲಿ ಕಾರಿನಲ್ಲಿ ಹಿಂದಿನ ಜೋಡಿ ಟೈರು ಕೆಲವೇ ಸುತ್ತಿಗೆ ಸವೆದುಹೋಗುತ್ತದೆ. ಪ್ರಾಯೋಜಕರಿರುವವನಿಗೆ ಬೆಳಗಿನಿಂದ ಸಂಜೆಯವರೆಗೆ ಅಭ್ಯಾಸ. ಇಲ್ಲದವನು ಸವೆದ ಟೈರನ್ನು ಮುಟ್ಟಿ ಮುಟ್ಟಿ ನೋಡುತ್ತ, ಇನ್ನೊಂದು ಸುತ್ತು ಬಾಳಬಹುದೇ ಎಂದು ಯೋಚಿಸುತ್ತಾನೆ. ದುಡ್ಡಿಗೂ ಸ್ಟೈಲಿಗೂ ಸಂಬಂಧವಿಲ್ಲ ಎನ್ನುವವರು ಒಮ್ಮೆ ಇವನ ಪಕ್ಕ ನಿಲ್ಲಬೇಕು.

ಇಂಥವನಿಗೆ ಅರ್ಹತಾ ಸುತ್ತಿನಲ್ಲಿ ಸಿಗುತ್ತಿದ್ದುದು ಎರಡು ಓಟ, ಅವುಗಳಲ್ಲಿ ಒಳ್ಳೆಯದೇ ಲೆಕ್ಕಕ್ಕೆ. ಕಾರು ಗಿರಕಿ ಹೊಡೆದರೆ ಸೊನ್ನೆ, ನಡುವೆ ಡ್ರಿಫ್ಟ್ ಕಡಿದು ನೇರವಾದರೂ ಸೊನ್ನೆ. ಹಾಗಾಗಿ ಜಾಣರು ಮೊದಲ ಓಟವನ್ನು ಸಪ್ಪೆಯಾಗಿ ಓಡಿಸಿ ಒಂದಿಷ್ಟು ಅಂಕ ಗಂಟು ಕಟ್ಟಿಕೊಂಡು, ಎರಡನೆಯದರಲ್ಲಿ ಕೈ ಬಿಚ್ಚುತ್ತಿದ್ದರು. ಧೈರ್ಯಕ್ಕೆ ಅಂಕ ಕೊಡುವ ಪರೀಕ್ಷೆಯೇ ಪುಕ್ಕಲುತನಕ್ಕೆ ಬಹುಮಾನ ಕೊಟ್ಟಂತಾಯಿತು. ಅಷ್ಟಾಗಿಯೂ, ಹೇಗೋ ಮೊದಲ 32ರಲ್ಲಿ ಕೊನೆಯವನಾಗಿ ಒಳಗೆ ನುಸುಳಿದರೆ ಜೋಡಿ ಕಾಳಗದಲ್ಲಿ ಎದುರಿಗೆ ನಿಲ್ಲುತ್ತಿದ್ದವನು ಅರ್ಹತಾ ಸುತ್ತಿನ ಮೊದಲಿಗ.

ಹೊಸ ಪರವಾನಗಿಯವರಿಗೆ ಒಂದು ಹೆಚ್ಚುವರಿ ಓಟ ಕೊಡಬೇಕು, ಮೊದಲನೆಯದನ್ನು ಲೆಕ್ಕಕ್ಕಿಲ್ಲದೆ ಬಿಡಬೇಕು ಎಂಬುದು ನನ್ನ ವಾದ. ದಿನದ ವೇಳಾಪಟ್ಟಿ ಕೆಡುತ್ತದೆ ಎನ್ನುವುದು ಸಣ್ಣ ಆಕ್ಷೇಪ. ಹೆಚ್ಚುವರಿ ಟೈರಿಗೆ ದುಡ್ಡು ಕೊಡುವವರು ಯಾರು ಎಂಬುದು ದೊಡ್ಡ ಪ್ರಶ್ನೆ. ಕಾರಿನ ಮೈಮೇಲೆ, ಚಾಲಕರ ಅಂಗಿಯ ತುಂಬ, ಗೋಡೆಯ ಉದ್ದಕ್ಕೂ ಟೈರ್ ಕಂಪನಿಗಳ ಹೆಸರು ಹೊತ್ತು ನಡೆಯುವ ಕ್ರೀಡೆ ಈ ಪ್ರಶ್ನೆಯನ್ನು ಆ ಕಂಪನಿಗಳಿಗೇ ಕೇಳಬಹುದು.