ಓರೆಗಣ್ಣಿಗೆ ಸಿಕ್ಕ ಸುರುಳಿ

1845ರಲ್ಲಿ ಐರ್ಲೆಂಡಿನ ಬರ್ ಕೋಟೆಯ ಅಂಗಳದಿಂದ ಲಾರ್ಡ್ ರಾಸ್ ತಮ್ಮ 72 ಅಂಗುಲದ ದೂರದರ್ಶಕದಲ್ಲಿ ಎಂ51 ಎಂಬ ಮಬ್ಬನ್ನು ನೋಡಿ ಚಿತ್ರ ಬರೆದರು. ಕಾಗದದ ಮೇಲೆ ಸುರುಳಿ ಮೂಡಿತು. ಗ್ಯಾಲಕ್ಸಿಯೊಂದರ ಸುರುಳಿ ಮನುಷ್ಯರಿಗೆ ಮೊದಲು ಕಂಡದ್ದು ಹಾಗೆ, ಪೆನ್ಸಿಲ್ಲಿನ ತುದಿಯಲ್ಲಿ.

ಹಿತ್ತಲಿನ 8 ಅಂಗುಲದ ದೂರದರ್ಶಕಕ್ಕೆ ಅದೇ ಎಂ51 ಎರಡು ಮಂಜಿನುಂಡೆ, ಅಷ್ಟೆ. ಆದರೂ ಬರೆಯುವವರು ಬರೆಯುತ್ತಾರೆ. ಕತ್ತಲಿಗೆ ಕಣ್ಣು ಹೊಂದಲು ಅರ್ಧ ಗಂಟೆ. ಹಾಳೆಗೆ ಕೆಂಪು ಟಾರ್ಚಿನ ಮಂದ ಬೆಳಕು. ಮೊದಲು ಸುತ್ತಲಿನ ನಕ್ಷತ್ರಗಳ ಚುಕ್ಕಿ, ಆಮೇಲೆ ಬೆರಳಲ್ಲಿ ಉಜ್ಜಿದ ಪೆನ್ಸಿಲ್ ಪುಡಿ. ತಮಾಷೆಯೆಂದರೆ, ನೆಟ್ಟಗೆ ದಿಟ್ಟಿಸಿದರೆ ಮಬ್ಬು ಮಾಯ! ಮಂದ ಬೆಳಕು ಹಿಡಿಯುವ ಕೋಶಗಳು ರೆಟಿನಾದ ನಟ್ಟನಡುವೆ ಇಲ್ಲ, ಅದರ ಸುತ್ತ ಇವೆ. ಹಾಗಾಗಿ ಓರೆನೋಟವೇ ಗತಿ.

ಬಿಳಿ ಹಾಳೆಯಲ್ಲಿ ನಕ್ಷತ್ರ ಕಪ್ಪಾಗಿರುತ್ತದೆ. ಬೆಳಗ್ಗೆ ಸ್ಕ್ಯಾನ್ ಮಾಡಿ ಕಪ್ಪು-ಬಿಳುಪು ಅದಲುಬದಲು ಮಾಡಿದರೆ, ರಾತ್ರಿ ಮರಳಿ ಬರುತ್ತದೆ.